ಹದಿನಾರು ಚೌಕದ ತಗಡಿನ ಡಬ್ಬಿ

ಮೂವತ್ತಮೂರನೇ ವಯಸ್ಸಿಗೆ ಕೆಲಸ ಬಿಟ್ಟವಳು ತನ್ನನ್ನು ನಿವೃತ್ತಳು ಎಂದು ಕರೆದುಕೊಳ್ಳುವುದು ಸ್ವಲ್ಪ ಅತಿಯಾಯಿತು. ಆದರೆ ಬೀಳ್ಕೊಡುವ ದಿನ ಸಂಗಶೆಟ್ಟಿ ಸರ್ ಶಾಲು ಹೊದಿಸಿ, ಮೈಕು ಇಲ್ಲದಿದ್ದರೂ ಮೈಕಿನ ಮುಂದೆ ನಿಂತವರ ದನಿಯಲ್ಲಿ ಆ ಮಾತು ಹೇಳಿಬಿಟ್ಟರು. ಅಂದಿನಿಂದ ನಾನೂ ಒಪ್ಪಿಕೊಂಡಿದ್ದೇನೆ. ಯಾಕೆ ಬಿಟ್ಟೆ ಎಂಬುದು ನನ್ನ ಸ್ವಂತ ವಿಷಯ, ಅದು ಇಲ್ಲಿ ಬರುವುದಿಲ್ಲ. ನನ್ನ ಕುರ್ಚಿಗೆ ಈಗ ಇಬ್ಬರು ಹುಡುಗಿಯರು ಬಂದಿದ್ದಾರೆ. ಐಕಾನ್‌ಗಳ ಪೆಟ್ಟಿಗೆಯನ್ನು ಹೇಗೆ ನೋಡಿಕೊಳ್ಳಬೇಕು, ಒಂದು ಪಟ್ಟಿ ಬರೆದುಕೊಡಿ ಎಂದು ಅವರು ಕೇಳಿದರು. ಪಟ್ಟಿ ಬರೆಯಲು ಕೂತೆ. ಮೂರನೇ ಸಾಲಿಗೆ ಹುಡಗಿ ಎಂಬ ಊರಿನ ಸುಶೀಲಾಬಾಯಿ ನೆನಪಾದರು. ಅಲ್ಲಿಂದ ಪಟ್ಟಿ ಮುಂದೆ ಹೋಗಲಿಲ್ಲ. ನಾನು ಬರೆದ ಅಂಗೈ ಅಗಲವೂ ಇಲ್ಲದ ಒಂದು ಚಿತ್ರದಿಂದ ಆ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು. ಪೆಟ್ಟಿಗೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಒಂದು ಪ್ರಸಂಗದ ಹಿಂದೆ ಮುಂದೆಯೇ ಇದೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾನು ಹುಮನಾಬಾದಿನ ಆಫೀಸಿಗೆ ಸಂದರ್ಶನಕ್ಕೆ ಹೋದೆ. ಮನೆ ಬಸವಕಲ್ಯಾಣದಲ್ಲಿ. ಗುಲ್ಬರ್ಗಾದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿದ್ದದ್ದು ಅದಕ್ಕೆ ಧೂಳು ಆಗುವುದಿಲ್ಲ, ಚಪ್ಪಲಿ ಹೊರಗೆ ಬಿಡಬೇಕು ಎಂಬುದಷ್ಟೇ. ಸಂಗಶೆಟ್ಟಿ ಸರ್ ಮೊದಲು ಟೈಪಿಂಗ್ ಕಲಿಸುತ್ತಿದ್ದವರು. ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಆಗಷ್ಟೇ ವೆಬ್ ಪುಟ ಮಾಡುವ ಕೆಲಸ ಶುರು ಮಾಡಿದ್ದರು. ನನ್ನ ಪ್ರಮಾಣಪತ್ರ ತೆರೆದೂ ನೋಡಲಿಲ್ಲ. ನಾನು ತಂದಿದ್ದ ಪ್ರಾಕ್ಟಿಕಲ್ ಪುಸ್ತಕದಲ್ಲಿ ಎಲೆಯ ಅಡ್ಡಸೀಳಿಕೆಯ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಒಂದು ಗ್ರಾಫ್ ಹಾಳೆ ಕೊಟ್ಟರು. ಅಡ್ಡ ಹದಿನಾರು ಚೌಕ, ಉದ್ದ ಹದಿನಾರು ಚೌಕ. ಅದರೊಳಗೆ ಒಂದು ಅಂಚೆ ಲಕೋಟೆ ಬರೆಯಿರಿ, ಗೆರೆ ಎಳೆಯುವಂತಿಲ್ಲ, ಚೌಕ ತುಂಬಬೇಕು ಅಷ್ಟೇ ಎಂದರು.

ಇಪ್ಪತ್ತು ನಿಮಿಷ ಹಿಡಿಯಿತು. ಸರ್ ಹಾಳೆಯನ್ನು ಗೋಡೆಗೆ ಹಚ್ಚಿ, ಬಾಗಿಲ ತನಕ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು. ಅದೇ ಹೊತ್ತಿಗೆ ಪ್ರೋಗ್ರಾಂ ಬರೆಯುವ ಇಮ್ರಾನ್ ಒಳಗೆ ಬಂದ.

"ಏನಪ್ಪಾ, ಇದು ಏನು ಕಾಣ್ತದ?" ಎಂದು ಸರ್ ಕೇಳಿದರು.

"ಸಮೋಸಾ ಅದರಿ ಸರ್," ಎಂದ ಇಮ್ರಾನ್.

ನನಗೆ ಕೆಲಸ ಸಿಕ್ಕಿತು. ಯಾಕೆ ಎಂದು ಎಷ್ಟೋ ವರ್ಷದ ಮೇಲೆ ಕೇಳಿದೆ. ಸಮೋಸಾ ಎಂದ ಕೂಡಲೇ ಹಾಳೆ ಕಿತ್ತುಕೊಂಡು ಮುಚ್ಚಳದ ಎರಡು ಚೌಕ ಅಳಿಸಿ ಮತ್ತೆ ತೋರಿಸಿದ್ದಿರಿ, ಮಾತಾಡಲಿಲ್ಲ, ಅದಕ್ಕೇ ಎಂದರು.

ಈಗಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಆಗ ವೆಬ್ ಪುಟದ ಮೇಲೆ ಕನ್ನಡ ಅಕ್ಷರ ಕೂರಿಸುವುದೇ ಒಂದು ಸಾಹಸ. ಒಂದು ಯಂತ್ರದಲ್ಲಿ ಕಾಣುವ ಅಕ್ಷರ ಇನ್ನೊಂದರಲ್ಲಿ ಚೌಕ ಚೌಕವಾಗಿ ಕಾಣುತ್ತಿತ್ತು. ಆದ್ದರಿಂದ ಸರ್ ಮಾತು ಕಡಿಮೆ ಮಾಡಿ ಚಿತ್ರ ಹೆಚ್ಚು ಮಾಡಿದರು. ಬರೆಯುವುದಕ್ಕೆ ಪೆನ್ಸಿಲ್, ಹುಡುಕುವುದಕ್ಕೆ ಭೂತಗನ್ನಡಿ, ಮುದ್ರಿಸುವುದಕ್ಕೆ ಪ್ರಿಂಟರ್. ಪ್ರತಿ ಪುಟಕ್ಕೂ ಹೊಸದಾಗಿ ಚಿತ್ರ ಬರೆಯುವಂತಿರಲಿಲ್ಲ. ಎಲ್ಲ ಚಿತ್ರಗಳೂ ಒಂದು ಜಾಗದಲ್ಲಿ ಇರುತ್ತಿದ್ದವು, ಯಾವ ಪುಟಕ್ಕೆ ಯಾವುದು ಬೇಕೋ ಅಲ್ಲಿಂದ ಹೋಗುತ್ತಿತ್ತು. ಒಂದನ್ನು ತಿದ್ದಿದರೆ ಎಲ್ಲ ಪುಟದಲ್ಲೂ ತಿದ್ದಿದಂತೆ. ಆ ಜಾಗಕ್ಕೆ ನಾವು ಪೆಟ್ಟಿಗೆ ಎನ್ನುತ್ತಿದ್ದೆವು. ನಾನು ಸೇರಿದಾಗ ಅದರಲ್ಲಿ ಒಂಬತ್ತು ಚಿತ್ರ ಇದ್ದವು. ಬಿಡುವಾಗ ಮುನ್ನೂರು ದಾಟಿದ್ದವು.

ಪ್ರತಿ ಐಕಾನಿಗೂ ನಾನು ಗ್ರಾಫ್ ವಹಿಯ ಒಂದು ಪುಟ ಇಟ್ಟೆ. ಮೇಲೆ ಚಿತ್ರ, ಕೆಳಗೆ ಯಾವ ಬಣ್ಣ ಎಷ್ಟು ಚೌಕ, ಬರೆದ ತಾರೀಖು, ಯಾವ ಯಾವ ಪುಟದಲ್ಲಿ ಹೋಗಿದೆ. ಇಮ್ರಾನ್ ಇದನ್ನು ನೋಡಿ, ಆಪಾ, ನೀವು ಇವಕ್ಕೆಲ್ಲ ರೇಷನ್ ಕಾರ್ಡ್ ಮಾಡಾಕತ್ತೀರಿ ಎಂದು ನಗುತ್ತಿದ್ದ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವನಾದರೂ ಮೊದಲ ದಿನದಿಂದ ಅಕ್ಕ ಎಂದೇ ಕರೆದ.

ಸರ್ ಒಪ್ಪಿಗೆ ಕೊಡುವ ಕ್ರಮ ಒಂದೇ. ಟೈಪಿಂಗ್ ಹಾಳೆಗಳನ್ನು ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ದೂರದಿಂದ ಸಾಲು ನೆಟ್ಟಗೆ ಕಂಡರೆ ಹತ್ತಿರದಿಂದ ನೋಡುವ ಅಗತ್ಯವಿಲ್ಲ. ಐಕಾನಿಗೂ ಅದೇ ಕಾನೂನು. ಪರದೆಯ ಮೇಲೆ ನಾನು ತೆರೆದಿಟ್ಟು ಪಕ್ಕಕ್ಕೆ ಸರಿಯಬೇಕು, ಅವರು ಬಾಗಿಲಲ್ಲಿ ನಿಂತು ಒಂದು ಮಾತಿನಲ್ಲಿ ಅದೇನೆಂದು ಹೇಳಬೇಕು. ಹೇಳಲಾಗದಿದ್ದರೆ ಆ ಚಿತ್ರ ಬಿತ್ತು. ಕತ್ತರಿ ಮೂರು ಸಲ ಬಿತ್ತು. ಗಂಟೆಯ ಚಿತ್ರಕ್ಕೆ ಅವರು "ಬದನಿಕಾಯಿ" ಎಂದರು, ಆ ವಾರ ನಾನು ಡಬ್ಬಿಯಲ್ಲಿ ಬದನೆಕಾಯಿ ಪಲ್ಯ ತರಲಿಲ್ಲ.

ಹೀಗೆ ಒಂದು ದಿನ ಬೇಡವಾದದ್ದನ್ನು ಅಳಿಸುವುದಕ್ಕೆ ಒಂದು ಚಿತ್ರ ಬೇಕಾಯಿತು. ಹೊರದೇಶದ ಪುಟಗಳಲ್ಲೆಲ್ಲ ಮುಚ್ಚಳವಿರುವ ಕಸದ ಬುಟ್ಟಿ ಇತ್ತು. ಉದ್ದುದ್ದ ಪಟ್ಟಿ, ಮೇಲೆ ಹಿಡಿಕೆ. ನಾನು ಅದನ್ನೇ ನೋಡಿ ಬರೆದೆ. ಹದಿನಾರು ಚೌಕದಲ್ಲಿ ಉದ್ದ ಪಟ್ಟಿ ಕೂರಲಿಲ್ಲ, ಅಡ್ಡ ಪಟ್ಟಿ ಹಾಕಿದೆ. ಚೆನ್ನಾಗಿ ಬಂತು. ಸರ್ ಬಾಗಿಲಿನಿಂದ ನೋಡಿ, "ಡಬ್ಬಿ. ಛಲೋ ಬಂದದ," ಎಂದರು. ನಾನು ಕಡತಕ್ಕೆ dabbi ಎಂದೇ ಹೆಸರು ಕೊಟ್ಟು ಪೆಟ್ಟಿಗೆಗೆ ಹಾಕಿದೆ.

ನನ್ನ ವೃತ್ತಿಯ ಅತಿ ದೊಡ್ಡ ತಪ್ಪು ಅದು. ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಸರ್ ಬಾಯಿಬಿಟ್ಟು ಹೇಳಿದ್ದರು, ನಾನೇ ಕೈಯಾರೆ ಬರೆದಿದ್ದೆ. ಇಬ್ಬರಿಗೂ ಕೇಳಿಸಲಿಲ್ಲ.

ಎರಡು ಸಾವಿರದ ಇಸವಿಯ ನಂತರ ಹೈದರಾಬಾದಿನಿಂದ ನಮಗೊಂದು ದೊಡ್ಡ ಕೆಲಸ ಬಂತು. ಒಂದು ಬೀಜ ಪೂರೈಕೆ ಸಂಸ್ಥೆಯವರು ಹುಡಗಿ, ರಾಜೇಶ್ವರ, ಹುಲಸೂರಿನಂಥ ಊರುಗಳಲ್ಲಿ ಒಂದೊಂದು ಕೇಂದ್ರ ತೆರೆದಿದ್ದರು. ಮಿರಗದ, ಅಂದರೆ ಮೃಗಶಿರೆಯ, ಮಳೆಗೆ ಮುಂಚೆ ರೈತರು ಬಂದು ತಮಗೆ ತೊಗರಿ ಎಷ್ಟು ಚೀಲ, ಸೋಯಾ ಎಷ್ಟು ಚೀಲ ಬೇಕೆಂದು ಹೆಸರು ಬರೆಸಬೇಕು. ಕೇಂದ್ರದವರು ಅದನ್ನು ನಮ್ಮ ಪುಟದಲ್ಲಿ ತುಂಬಬೇಕು, ಟೆಲಿಫೋನ್ ತಂತಿಯ ಮೇಲೆ ಅದು ಹೈದರಾಬಾದಿಗೆ ಹೋಗಬೇಕು. ಪುಟ ಕಟ್ಟಿದ್ದು ಇಮ್ರಾನ್, ಐಕಾನ್ ಎಲ್ಲ ಪೆಟ್ಟಿಗೆಯವು. ಸಂಸ್ಥೆಯ ಪರವಾಗಿ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ರಾವ್ ಸಾಹೇಬರು. ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಹಿಂದಿಯಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಕನ್ನಡ ಸ್ವಚ್ಛವಾಗಿ ಬರುತ್ತಿತ್ತು.

ಕೇಂದ್ರದವರಿಗೆ ನಮ್ಮ ಆಫೀಸಿನಲ್ಲೇ ಒಂದು ದಿನದ ತರಬೇತಿ ಆಯಿತು. ಬಂದವರಲ್ಲಿ ಹೆಂಗಸು ಒಬ್ಬರೇ, ಹುಡಗಿಯ ಸುಶೀಲಾಬಾಯಿ. ನಲವತ್ತರ ಸುಮಾರು. ಏಳನೇ ತರಗತಿ ಓದಿದವರು. ಅಲ್ಲಿಯವರೆಗೆ ಬೇರೆಯವರ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದರು, ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಅದೇ ಮೊದಲು. ತಲೆಯ ಮೇಲಿನ ಸೆರಗು ಜಾರದ ಹಾಗೆ ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಮೌಸ್ ಹಿಡಿದುಕೊಂಡಿದ್ದರು. ಕಲಿಸಲು ಬಂದ ಹೈದರಾಬಾದಿನ ಯುವಕ ಅವಸರದಲ್ಲಿದ್ದ. ಬರೆದ ಮೇಲೆ ಈ ಚೌಕ ಒತ್ತಿ, ಉಳಿಯುತ್ತದೆ ಎಂದು ಫ್ಲಾಪಿಯ ಚಿತ್ರ ತೋರಿಸಿದ. ಡಬ್ಬಿಯ ವಿಷಯ ಹೇಳಲೇ ಇಲ್ಲ. ನಾನು ಬೆಂಚಿನ ತುದಿಯಲ್ಲಿ ಕೂತು ಇದನ್ನು ಗಮನಿಸಿದೆ. ಎದ್ದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಲ್ಕು ಜನರ ನಡುವೆ ಎದ್ದು ಮಾತಾಡುವ ಅಭ್ಯಾಸ ನನಗಿರಲಿಲ್ಲ. ಕೂತೇ ಇದ್ದೆ.

ಬಿತ್ತನೆಗೆ ಎರಡು ವಾರ ಇರುವಾಗ ರಾವ್ ಸಾಹೇಬರ ಫೋನು ಬಂತು. ಎಲ್ಲ ಕೇಂದ್ರಗಳ ರೈತರ ಹೆಸರೂ ಬಂದಿವೆ, ಹುಡಗಿಯದು ಮಾತ್ರ ಒಂದೂ ಇಲ್ಲ. ದಿನಾ ಬೆಳಿಗ್ಗೆ ಹೆಸರು ತುಂಬುತ್ತವೆ, ದಿನಾ ಸಂಜೆ ಆ ಹೆಂಗಸು ಎಲ್ಲವನ್ನೂ ಅಳಿಸುತ್ತಾಳೆ, ಯಂತ್ರದ ದಾಖಲೆಯಲ್ಲಿ ಇದೆ. ಒಂದೋ ಆಕೆಗೆ ತಲೆ ಇಲ್ಲ, ಇಲ್ಲವೇ ಯಾರೋ ಹೇಳಿಕೊಟ್ಟು ಮಾಡಿಸುತ್ತಿದ್ದಾರೆ. ಗುರುವಾರ ಬರುತ್ತೇನೆ, ಆಕೆಯನ್ನು ತೆಗೆದು ಬೇರೆಯವರನ್ನು ಕೂರಿಸುತ್ತೇನೆ ಎಂದರು. ಕನ್ನಡ ಸ್ವಚ್ಛವಾಗಿತ್ತು.

ಮಂಗಳವಾರ ಇಮ್ರಾನನ ಜೊತೆ ಹುಡಗಿಗೆ ಹೋದೆ. ಕೇಂದ್ರವೆಂದರೆ ಒಂದು ಕಲ್ಲಿನ ಮನೆಯ ಮುಂದಿನ ಕೋಣೆ. ಗೋಡೆಗೆ ಸುಣ್ಣ, ಕಂಪ್ಯೂಟರಿಗೆ ಕಸೂತಿ ಹಾಕಿದ ಬಟ್ಟೆಯ ಹೊದಿಕೆ. ಸುಶೀಲಾಬಾಯಿಗೆ ಸುದ್ದಿ ಮುಟ್ಟಿತ್ತು. ಅವರ ಮುಖ ನೋಡಿದರೆ ಎರಡು ದಿನದಿಂದ ಊಟ ಸೇರಿದಂತಿರಲಿಲ್ಲ. ಆದರೂ ಮೊದಲು ನೀರು ಕೊಟ್ಟರು, ಆಮೇಲೆ ಚಹಾ ಇಟ್ಟರು. ನಾನು ಏನನ್ನೂ ವಿಚಾರಿಸದೆ, ದಿನಾ ಹೇಗೆ ಮಾಡುತ್ತೀರೋ ಹಾಗೇ ಒಂದು ಹೆಸರು ಬರೆದು ತೋರಿಸಿ ಎಂದೆ.

ಅವರು ಬರೆದರು. ಒಂದೇ ಬೆರಳಲ್ಲಿ, ಆದರೆ ಒಂದೂ ತಪ್ಪಿಲ್ಲದೆ. ಫ್ಲಾಪಿ ಒತ್ತಿದರು. ನಂತರ ಹೆಸರಿನ ಮೇಲೆ ಮೌಸ್ ಇಟ್ಟು, ಎಚ್ಚರಿಕೆಯಿಂದ, ತುಂಬಿದ ಕೊಡ ಇಳಿಸುವವರ ಹಾಗೆ, ಡಬ್ಬಿ ಒತ್ತಿದರು.

"ಇದು ಯಾಕ ಒತ್ತಿದ್ರಿ ಬಾಯಿ?" ಎಂದೆ.

"ಯಾಕಂದ್ರ? ಹೆಸರ ಹೊರಗ ಹಾಂಗೇ ಬಿಟ್ಟ ಹೋಗಾಕ ಬರ್ತದೇನ್ರಿ? ಸಂಜಿ ಆದ ಕೂಡ್ಲೆ ಎಲ್ಲಾ ಡಬ್ಬ್ಯಾಗ ಹಾಕಿ ಮುಚ್ಚಿ ಹೋಗ್ತೇನಿ. ಇಲ್ಲಿ ನೋಡ್ರಿ, ಪರದಿ ಮ್ಯಾಲ ಒಂದೂ ಉಳಿಯಂಗಿಲ್ಲ. ಎಲ್ಲಾ ಬರೋಬರ್ ಒಳಗ ಹೋಗ್ತಾವ."

"ಮತ್ತ ಆ ಚೌಕ ಒತ್ತಿದ್ರಲ್ಲ?"

"ಕ್ಯಾಸೆಟ್ಟಾ? ಅದು ಒತ್ತು ಅಂದಿದ್ರು, ಒತ್ತಾಕತ್ತೇನಿ. ಏನ್ ಹಾಡ್ತದೋ ನನಗ ಗೊತ್ತಿಲ್ರಿ."

ಅಳಿಸುವ ಮೊದಲು "ಖಾತ್ರಿಯೇ?" ಎಂದು ಕೇಳುವ ಒಂದು ಚಿತ್ರವನ್ನು ಇಮ್ರಾನ್ ಬಹಳ ಹೆಮ್ಮೆಯಿಂದ ಸೇರಿಸಿದ್ದ. ಅದು ಕಾಣಿಸಲಿಲ್ಲವೇ ಎಂದು ಅವನೇ ಕೇಳಿದ.

"ಕಾಣಲ್ದೇನು? ದಿನಾ ಕೇಳ್ತದ. ದಿನಾ ಹೌದು ಅಂತೇನಿ. ಖಾತ್ರಿ ಇಲ್ದ ನಾ ಯಾವ ಕೆಲಸಾನೂ ಮಾಡಂಗಿಲ್ಲೋ ತಮ್ಮಾ."

ಇಮ್ರಾನ್ ನನ್ನ ಮುಖ ನೋಡಿದ. ನಾನು ಕೋಣೆಯ ಮೂಲೆ ನೋಡುತ್ತಿದ್ದೆ. ಅಲ್ಲಿ ಸೊಂಟದ ಎತ್ತರದ ಒಂದು ತಗಡಿನ ಡಬ್ಬಿ ಇತ್ತು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದಲ್ಲ, ಜೋಳ, ತೊಗರಿ, ಮದುವೆಯ ಸೀರೆ, ಹೊಲದ ಕಾಗದ, ಜೀವಕ್ಕಿಂತ ಹೆಚ್ಚಿನದೆಲ್ಲ ಹಾಕಿ ಮುಚ್ಚುವ ಡಬ್ಬಿ. ಅಡ್ಡ ಪಟ್ಟಿ. ಮೇಲೆ ಮುಚ್ಚಳ. ಮುಚ್ಚಳಕ್ಕೆ ಹಿಡಿಕೆ. ನನ್ನ ಐಕಾನನ್ನು ಯಾರೋ ಎರಡು ನೂರು ಪಟ್ಟು ದೊಡ್ಡದು ಮಾಡಿ ಅಲ್ಲಿ ನಿಲ್ಲಿಸಿದಂತೆ ಕಂಡಿತು. ಅಂಥದ್ದೇ ಡಬ್ಬಿ ಬಸವಕಲ್ಯಾಣದ ನಮ್ಮ ಮನೆಯಲ್ಲೂ ಇದೆ. ನನ್ನ ಎಂ.ಎಸ್ಸಿ. ಪ್ರಮಾಣಪತ್ರ ಅದರಲ್ಲೇ ಇತ್ತು. ಮುಚ್ಚಳವಿರುವ ಕಸದ ಬುಟ್ಟಿಯನ್ನು ನನ್ನ ಮನೆಯಲ್ಲೂ ಯಾರೂ ಕಂಡಿರಲಿಲ್ಲ. ನಮ್ಮಲ್ಲಿ ಕಸಕ್ಕೆ ಮುಚ್ಚಳವೆಲ್ಲಿ? ಉಳಿದ ಕೇಂದ್ರದವರು ಹೇಳಿದ ಚೌಕವನ್ನಷ್ಟೇ ಒತ್ತಿ ಎದ್ದಿದ್ದರು, ಅದಕ್ಕಿಂತ ಹೆಚ್ಚು ಜೋಪಾನ ಮಾಡಲು ಹೋದವರು ಇವರೊಬ್ಬರೇ.

"ಅದ್ರಾಗ ಏನದರಿ?" ಎಂದೆ.

ಸುಶೀಲಾಬಾಯಿ ಎದ್ದು ಮುಚ್ಚಳ ತೆಗೆದರು. ರೈತರು ಬರೆದುಕೊಟ್ಟ ಚೀಟಿಗಳು. ದಿನಕ್ಕೊಂದು ಕಟ್ಟು, ಪ್ರತಿ ಕಟ್ಟಿಗೂ ದಾರ, ಇಲಿ ಬಾರದಂತೆ ನಡುವೆ ಬೇವಿನ ಸೊಪ್ಪು.

"ಮಷೀನ್‌ದಾಗೂ ಡಬ್ಬ್ಯಾಗ ಇಟ್ಟೇನಿ, ಇಲ್ಲೂ ಡಬ್ಬ್ಯಾಗ ಇಟ್ಟೇನಿ. ಮತ್ತ ಕಳದಾವಂತಾರಲ್ರಿ, ಹ್ಯಾಂಗ ಕಳೀತಾವ?" ಎಂದರು. ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಆಗ ಬಂತು. ನನಗೆ ಸಮಾಧಾನದ ಮಾತು ಬರುವುದಿಲ್ಲ. ಒಂದು ಕಟ್ಟು ಬಿಚ್ಚಿ, ಮೊದಲ ಚೀಟಿ ತೆಗೆದು, ಓದಿ ಹೇಳಿ, ನಾನು ಬರೆಯುತ್ತೇನೆ ಎಂದೆ. ಸಂಜೆಯೊಳಗೆ ಮೂವರೂ ಸೇರಿ ಎಲ್ಲ ಹೆಸರನ್ನೂ ಮತ್ತೆ ತುಂಬಿದೆವು. ಪ್ರತಿ ಹೆಸರಿಗೂ ಸುಶೀಲಾಬಾಯಿಯ ಕೈ ಡಬ್ಬಿಯ ಕಡೆ ಹೋಗುತ್ತಿತ್ತು. ಪ್ರತಿ ಸಲವೂ ಇಮ್ರಾನ್, ತನ್ನ ಚಿಕ್ಕಮ್ಮನಿಗೆ ಹೇಳುವ ಹಾಗೆ, "ಬ್ಯಾಡ್ರಿ ಖಾಲಾ" ಎನ್ನುತ್ತಿದ್ದ. ಕೊನೆಯ ಕಟ್ಟಿನ ಹೊತ್ತಿಗೆ ಅವರೇ ನಗತೊಡಗಿದರು.

ಹೆಸರು ಸಿಕ್ಕವು. ಆದರೆ ಅಷ್ಟರಿಂದಲೇ ಸುಶೀಲಾಬಾಯಿಯ ಕೆಲಸ ಉಳಿದಂತಾಗಿರಲಿಲ್ಲ. ಗುರುವಾರ ಇನ್ನೂ ಬರುವುದಿತ್ತು.

ಬುಧವಾರ ಸಂಗಶೆಟ್ಟಿ ಸರ್‌ಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಆದರೆ ನಮ್ಮ ಆಫೀಸಿನ ಅರ್ಧ ಕೆಲಸ ರಾವ್ ಸಾಹೇಬರದ್ದು. ತಪ್ಪು ನಮ್ಮ ಚಿತ್ರದ್ದು ಎಂದರೆ ಕೆಲಸ ಹೈದರಾಬಾದಿಗೆ ವಾಪಸು ಹೋಗುತ್ತದೆ. ಹೆಸರು ಸಿಕ್ಕಿವೆ, ಆ ಹೆಣ್ಣುಮಗಳಿಗೆ ಬೇರೆ ಎಲ್ಲಾದರೂ ನೋಡೋಣ, ನೀವು ಸುಮ್ಮನಿರಿ, ನಾನು ಮಾತಾಡುತ್ತೇನೆ ಎಂದರು. ಸುಮ್ಮನಿರುವುದು ನನಗೆ ಅತಿ ಸುಲಭದ ಕೆಲಸ. ಅವರಿಗೂ ಅದು ಗೊತ್ತಿತ್ತು.

ಗುರುವಾರ ರಾವ್ ಸಾಹೇಬರು ಬಂದರು. ಸುಶೀಲಾಬಾಯಿಯನ್ನೂ ಕರೆಸಿದ್ದರು. ಆಕೆ ಬಾಗಿಲ ಬಳಿ, ಸರ್ ಐಕಾನ್ ನೋಡಲು ನಿಲ್ಲುವ ಜಾಗದಲ್ಲೇ ನಿಂತಿದ್ದರು. ಸರ್ ಗಂಟಲು ಸರಿಮಾಡಿಕೊಂಡು ಹವಾಮಾನದಿಂದ ಶುರು ಮಾಡಿದರು. ನಾನು ಎದ್ದು ನಿಂತೆ. 

"ತಪ್ಪು ಇವರದಲ್ಲ ಸರ್. ಚಿತ್ರ ಬರೆದವಳು ನಾನು. ಇದು ಕಸದ ಬುಟ್ಟಿ ಅಲ್ಲ."

ಇಡೀ ಜಗತ್ತು ಇದೇ ಚಿತ್ರ ಬಳಸುತ್ತದೆ ಎಂದರು ರಾವ್ ಸಾಹೇಬರು. ಜಗತ್ತಿನ ಮಾತು ನನಗೆ ಗೊತ್ತಿಲ್ಲ, ನೀವು ಹೈದರಾಬಾದಿನಿಂದ ಬರುವಾಗ ಹುಮನಾಬಾದಿನಲ್ಲೇ ಇಳಿಯುತ್ತೀರಿ, ಇವತ್ತು ಇನ್ನೂ ಸ್ವಲ್ಪ ಮುಂದೆ ರಾಜೇಶ್ವರದ ತನಕ ಬನ್ನಿ, ಕೇಂದ್ರದ ಕೆಲಸಕ್ಕೆ ಸಂಬಂಧವಿಲ್ಲದ ಹತ್ತು ಜನರಿಗೆ ನೀವೇ ಈ ಚಿತ್ರ ತೋರಿಸಿ, ಅವರು ಕಸ ಎಂದರೆ ಸುಶೀಲಾಬಾಯಿಯ ಜೊತೆ ನನ್ನನ್ನೂ ತೆಗೆಯಿರಿ ಎಂದೆ. ಇಷ್ಟು ಉದ್ದದ ಮಾತನ್ನು ನಾನು ಆ ಆಫೀಸಿನಲ್ಲಿ ಅದಕ್ಕೂ ಮುಂಚೆ ಆಡಿರಲಿಲ್ಲ. ಸರ್ ಕುರ್ಚಿಯಲ್ಲಿ ಕೂತುಬಿಟ್ಟರು.

ಸುಶೀಲಾಬಾಯಿಯನ್ನೂ ಕರೆದುಕೊಂಡು ಅವರ ಜೀಪಿನಲ್ಲೇ ಹೋದೆವು. ರಾಜೇಶ್ವರದ ಬಸ್ ನಿಲ್ದಾಣದ ಹತ್ತಿರ ಒಬ್ಬ ಅಜ್ಜಿ ತರಕಾರಿ ಮಾರುತ್ತ ಕೂತಿದ್ದರು. ರಾವ್ ಸಾಹೇಬರು ದೊಡ್ಡದಾಗಿ ಮುದ್ರಿಸಿದ ಚಿತ್ರ ಹಿಡಿದು ಇದೇನು ಎಂದು ಕೇಳಿದರು.

"ಡಬ್ಬಿ."

"ಇದರಲ್ಲಿ ಏನು ಹಾಕುತ್ತಾರೆ?"

"ನಿಮ್ಮ ಮನ್ಯಾಗ ಏನ ಹಾಕ್ತೀರಿ? ಜ್ವಾಳ ಹಾಕ್ತಾರ, ತೊಗರಿ ಹಾಕ್ತಾರ."

"ಕಸ ಹಾಕುವುದಿಲ್ಲವೇ?"

ಅಜ್ಜಿ ಅವರ ಅಂಗಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು. ಪಕ್ಕದಲ್ಲಿ ಮೆಣಸಿನಕಾಯಿ ಮಾರುತ್ತಿದ್ದವರ ಕಡೆ ತಿರುಗಿ, "ಡಬ್ಬ್ಯಾಗ ಕಸ ಹಾಕ್ತಾರಂತ ನೋಡವ್ವಾ. ಛಲೋ ಮನಿತನದವರೇ ಕಾಣ್ತಾರ, ಪಾಪ," ಎಂದರು.

ರಾವ್ ಸಾಹೇಬರು ಇನ್ನೂ ಮೂರು ಜನರನ್ನು ಕೇಳಿದರು. ಐದನೆಯವರನ್ನು ಕೇಳಲಿಲ್ಲ. ಚಹಾದ ಅಂಗಡಿಯಲ್ಲಿ ಕೂತು ಆ ಕಾಗದವನ್ನು ಬಹಳ ಹೊತ್ತು ನೋಡಿದರು. ತಮ್ಮ ತಾಯಿಯ ತವರಿನಲ್ಲೂ ಇಂಥದ್ದೊಂದು ಇತ್ತು, ಬೇಸಿಗೆ ರಜೆಗೆ ಹೋದಾಗ ಅಜ್ಜಿ ಅದರೊಳಗಿಂದ ಉಂಡೆ ತೆಗೆದು ಕೊಡುತ್ತಿದ್ದರು ಎಂದರು. ಆ ಮಾತನ್ನು ಅವರು ಶುದ್ಧ ತೆಲುಗಿನಲ್ಲಿ ಶುರು ಮಾಡಿ ತೆಲುಗಿನಲ್ಲೇ ಮುಗಿಸಿದರು. ಆಮೇಲೆ ಸುಶೀಲಾಬಾಯಿಗೆ ಎರಡೂ ಕೈ ಜೋಡಿಸಿ, ನಾಳೆಯಿಂದ ಕೇಂದ್ರ ತೆರೆಯಿರಿ ಅಮ್ಮ ಎಂದರು. ಸುಶೀಲಾಬಾಯಿ ತಮ್ಮ ಚಹಾವನ್ನು ಆಗ ಕುಡಿದರು. ಅದು ಪೂರ್ತಿ ಆರಿಹೋಗಿತ್ತು.

ಕೆಲಸ ಹೈದರಾಬಾದಿಗೆ ಹೋಗಲಿಲ್ಲ. ಬದಲಿಗೆ ರಾವ್ ಸಾಹೇಬರು ಒಂದು ಷರತ್ತು ಹಾಕಿದರು. ಇನ್ನು ಮೇಲೆ ಯಾವ ಹೊಸ ಐಕಾನ್ ಬಂದರೂ ಮೊದಲು ಹುಡಗಿಗೆ ಹೋಗಬೇಕು, ಸುಶೀಲಾಬಾಯಿ ಒಪ್ಪಿದ ಮೇಲೆ ಪೆಟ್ಟಿಗೆಗೆ. ಸರ್ ಇದನ್ನು ತಮ್ಮದೇ ಯೋಚನೆ ಎಂದು ಒಂದು ವಾರದಲ್ಲಿ ಹೇಳತೊಡಗಿದರು. ನಾನು ಬುಧವಾರದ ಮಾತನ್ನು ಎತ್ತಲಿಲ್ಲ. ಅವರೇ ಒಂದು ದಿನ ಬಾಗಿಲಲ್ಲಿ ನಿಂತು, ಆವತ್ತು ನೀವು ಎದ್ದದ್ದು ಬರೋಬರ್ ಇತ್ತು ಎಂದು ಹೇಳಿ, ಉತ್ತರಕ್ಕೆ ಕಾಯದೆ ಕೆಳಗಿಳಿದು ಹೋದರು.

ಅಳಿಸುವುದಕ್ಕೆ ಏನು ಬರೆಯಬೇಕು ಎಂಬುದೇ ಮುಂದಿನ ತಿಂಗಳಿಡೀ ನಮ್ಮ ಚರ್ಚೆ. ಕಸಬರಿಗೆ ಬರೆದೆ. ಸುಶೀಲಾಬಾಯಿ ತಲೆ ಅಲ್ಲಾಡಿಸಿದರು, ಅದು ಲಕ್ಷ್ಮಿ, ಅದರ ಮೇಲೆ ಮೌಸಿನ ಬಾಣ ಹಚ್ಚಿ ಕುಟ್ಟುವುದು ಚಂದವಲ್ಲ. ಕೆಂಪು ಕತ್ತರಿಗುರುತು ಬರೆದೆ. ಅದು ಮಾಸ್ತರರು ತಪ್ಪಿಗೆ ಹಾಕುವುದು, ಅದನ್ನು ಕಂಡರೆ ಕೈ ಹಿಂದೆ ಬರುತ್ತದೆ ಎಂದರು. ಕೊನೆಗೆ ಅವರೇ ತಮ್ಮ ಅಂಗೈಯಿಂದ ಗಾಳಿಯಲ್ಲಿ ಒರೆಸಿ ತೋರಿಸಿದರು. ಪಾಟಿ, ಅಂದರೆ ಸ್ಲೇಟು, ಒರೆಸುವ ಕೈ. ಎರಡು ದಿನ ಶಾಲೆಗೆ ಹೋದವರಿಗೂ ಗೊತ್ತಿರುವ ಕೆಲಸ. ಹದಿನಾರು ಚೌಕದಲ್ಲಿ ಐದು ಬೆರಳು ಕೂರಿಸಲು ಗ್ರಾಫ್ ವಹಿಯ ಇಪ್ಪತ್ತಾರು ಪುಟ ಹೋದವು. ಕೊನೆಗೆ ನಾಲ್ಕು ಬೆರಳಿಗೆ ರಾಜಿಯಾದೆವು. ಇದುವರೆಗೂ ಯಾರೂ ಎಣಿಸಿಲ್ಲ.

ಡಬ್ಬಿಯನ್ನು ಎಸೆಯಲಿಲ್ಲ. ಫ್ಲಾಪಿಯನ್ನು ತೆಗೆದು ಅದರ ಜಾಗಕ್ಕೆ ಡಬ್ಬಿ ತಂದೆವು. ಬರೆದದ್ದನ್ನು ಉಳಿಸಲು ಡಬ್ಬಿ ಒತ್ತಿ ಎಂದು ಒಂದೇ ಮಾತು ಹೇಳಿದರೆ ಎಲ್ಲ ಕೇಂದ್ರಗಳಿಗೂ ತಿಳಿಯಿತು. ಹೈದರಾಬಾದಿನ ಆಫೀಸಿನ ನಾಲ್ಕು ಜನರಿಗೆ ಮಾತ್ರ ತಿಳಿಯಲಿಲ್ಲ. ಬೇಡವಾದ ಹೆಸರುಗಳನ್ನೆಲ್ಲ ಅವರು ವಾರಗಟ್ಟಲೆ ಭದ್ರವಾಗಿ ಉಳಿಸುತ್ತಿದ್ದರು. ಅವರಿಗೆ ತರಬೇತಿ ಕೊಡಲು ರಾವ್ ಸಾಹೇಬರು ಸುಶೀಲಾಬಾಯಿಯನ್ನು ಜೀಪು ಕಳಿಸಿ ಕರೆಸಿಕೊಂಡರು. ಹೋಗಿಬಂದು ಆಕೆ ನನಗೆ ಹೇಳಿದ್ದು ಒಂದೇ ಮಾತು, "ಛಲೋ ಹುಡುಗರ ಅದಾರ, ಜರಾ ತಡಾ ತಿಳೀತದ."

ಆದರೆ ಆ ಬದಲಾವಣೆಯ ದಿನ ಇನ್ನೊಂದು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. dabbi ಎಂಬ ಕಡತದ ಒಳಗೇ ಪಾಟಿಯ ಚಿತ್ರ ಹಾಕಿದೆ, ಎಲ್ಲ ಪುಟದಲ್ಲೂ ತಾನಾಗಿ ಬದಲಾಗಲಿ ಎಂದು. ಬದಲಾಯಿತು. ನನಗೆ ಗೊತ್ತಿಲ್ಲದೆ ಇಮ್ರಾನ್ ಅದೇ ಕಡತವನ್ನು ಗೋದಾಮಿನ ಪುಟದಲ್ಲಿ, ದಾಸ್ತಾನು ತೋರಿಸಲು ಬಳಸಿದ್ದ. ಹೆಸರು ಡಬ್ಬಿ ಎಂದಿತ್ತು, ಅವನಿಗೆ ದಾಸ್ತಾನು ಎಂದೇ ಅನಿಸಿತ್ತು, ಆ ಊರಿನ ಯಾರಿಗಾದರೂ ಅನಿಸುವ ಹಾಗೆ. ಮಧ್ಯಾಹ್ನ ಗೋದಾಮಿನವರ ಫೋನು. ಪ್ರತಿ ಬೀಜದ ಮುಂದೆಯೂ ಒಂದು ಕೈ ಒರೆಸುತ್ತಿದೆ, ನಮ್ಮ ಗೋದಾಮು ಮುಚ್ಚಿಬಿಟ್ಟಿರೇನು ಎಂದು ಕೇಳಿದರು. ಆ ಸಂಜೆ ಕೂತು ಪೆಟ್ಟಿಗೆಯ ಎಲ್ಲ ಕಡತಗಳ ಹೆಸರು ಬದಲಿಸಿದೆ. ಚಿತ್ರ ಹೇಗೆ ಕಾಣುತ್ತದೆ ಎಂಬ ಹೆಸರು ಒಂದೂ ಉಳಿಯಲಿಲ್ಲ. ಏನು ಕೆಲಸ ಮಾಡುತ್ತದೆ ಎಂಬುದೇ ಹೆಸರು. ಉಳಿಸು, ಅಳಿಸು, ಹುಡುಕು, ದಾಸ್ತಾನು. ಚಿತ್ರ ನಾಳೆ ಬದಲಾಗಬಹುದು, ಕೆಲಸ ಬದಲಾಗುವುದಿಲ್ಲ. ಹೊಸ ಹುಡುಗಿಯರು ಕೇಳಿದ ಪಟ್ಟಿಯಲ್ಲಿ ಮೊದಲ ಸಾಲು ಇದೇ ಆಗಬೇಕಿತ್ತು.

ಎರಡನೇ ಸಾಲೂ ಒಂದು ತಪ್ಪಿನಿಂದಲೇ ಬಂದದ್ದು. ಮೊದಮೊದಲು ಪ್ರತಿ ಐಕಾನ್ ಬೇರೆ ಬೇರೆ ಕಡತ. ಟೆಲಿಫೋನ್ ತಂತಿಯ ಮೇಲೆ ಒಂದೊಂದೇ ಇಳಿದು ಬರಬೇಕು. ಪುಟ ತೆರೆದವರು ಚಹಾ ಕುಡಿದು ಬಂದರೂ ಅರ್ಧ ಚಿತ್ರ ಬಂದಿರುತ್ತಿದ್ದವು. ಕೆಲವು ವರ್ಷದ ಮೇಲೆ ಹೊಸ ಪದ್ಧತಿ ಬಂತು. ಎಲ್ಲ ಐಕಾನ್‌ಗಳನ್ನೂ ಒಂದೇ ಉದ್ದ ಪಟ್ಟಿಯಲ್ಲಿ ಜೋಡಿಸಿ ಒಂದೇ ಸಲ ಕಳಿಸುವುದು, ಬೇಕಾದಲ್ಲಿ ಇಷ್ಟನೆಯ ಮನೆಯಿಂದ ಇಷ್ಟು ತೋರಿಸು ಎಂದು ಹೇಳುವುದು. ಪುಟಗಳು ಕಣ್ಣು ಮಿಟುಕಿಸುವುದರೊಳಗೆ ತೆರೆಯತೊಡಗಿದವು. ನನಗೆ ಆ ದಿನ ಆದ ಸಂತೋಷ ಪರೀಕ್ಷೆಯಲ್ಲಿ ಪಾಸಾದಾಗಲೂ ಆಗಿರಲಿಲ್ಲ. ಸಂತೋಷದಲ್ಲಿ ಒಂದು ಹೊಸ ಚಿತ್ರವನ್ನು, ಅಂದವಾಗಿರಲಿ ಎಂದು, ಅದರ ಜಾತಿಯ ಚಿತ್ರಗಳ ಪಕ್ಕಕ್ಕೆ, ಪಟ್ಟಿಯ ನಡುವೆ ಸೇರಿಸಿದೆ.

ಬಸವಕಲ್ಯಾಣದ ಬಸ್ಸಿನಲ್ಲಿ ತುಂಬಿದ ಸೀಟಿನ ನಡುವೆ ಒಬ್ಬರು "ಜರಾ ಸರೀರಿ" ಎಂದು ಕೂತರೆ ಏನಾಗುತ್ತದೆ? ತುದಿಯವರೆಗೂ ಎಲ್ಲರೂ ಒಂದೊಂದು ಜಾಗ ಸರಿಯುತ್ತಾರೆ. ಮರುದಿನ ಎಲ್ಲ ಪುಟದಲ್ಲೂ ಪ್ರಿಂಟರಿನ ಜಾಗದಲ್ಲಿ ಫೋನು, ಫೋನಿನ ಜಾಗದಲ್ಲಿ ಲಾರಿ, ಲಾರಿಯ ಜಾಗದಲ್ಲಿ ತೊಗರಿಕಾಯಿ. ಹುಲಸೂರಿನವರು ಮುದ್ರಿಸಲು ಯಾರಿಗೆ ಫೋನು ಮಾಡಬೇಕು ಎಂದು ನಿಜವಾಗಿಯೂ ಫೋನು ಮಾಡಿ ಕೇಳಿದರು. ಸುಶೀಲಾಬಾಯಿ ಮಾತ್ರ ಏನೂ ಕೇಳಲಿಲ್ಲ. ಚಿತ್ರಗಳೆಲ್ಲ ಒಂದು ಮನೆ ಸರಿದಿವೆ, ಬೇಕಾದ ಚಿತ್ರದ ಎಡಗಡೆಯದು ಒತ್ತಿದರೆ ಕೆಲಸ ನಡೆಯುತ್ತದೆ ಎಂದು ತಾವೇ ಕಂಡುಕೊಂಡು, ರಾಜೇಶ್ವರದವರಿಗೂ ಹೇಳಿಕೊಟ್ಟು, ದಿನದ ಕೆಲಸ ಮುಗಿಸಿದ್ದರು. ಹೊಸ ಐಕಾನ್ ಯಾವಾಗಲೂ ಪಟ್ಟಿಯ ಕೊನೆಗೆ. ಅಂದಚಂದ ಆಮೇಲೆ.

ಇಷ್ಟೇ ನನ್ನ ಕೆಲಸ. ಬರೆದರೆ ಚಿಕ್ಕದು. ಬೆಳಿಗ್ಗೆ ಎಂಟೂವರೆಯ ಬಸ್ಸು, ಮಡಿಲಲ್ಲಿ ಗ್ರಾಫ್ ವಹಿ, ರಾಜೇಶ್ವರ ಬರುವುದರೊಳಗೆ ಒಂದು ಚಿತ್ರದ ಅರ್ಧ. ಒಂದು ಚೌಕ ತುಂಬಬೇಕೋ ಬಿಡಬೇಕೋ ಎಂಬ ಯೋಚನೆಯಲ್ಲಿ ಕಳೆದ ಬೆಳಗುಗಳು ನನ್ನ ಬದುಕಿನ ಒಳ್ಳೆಯ ಬೆಳಗುಗಳು ಎಂದು ಈಗ ಅನಿಸುತ್ತದೆ.

ಬೀಳ್ಕೊಡುವ ದಿನ ಸುಶೀಲಾಬಾಯಿ ಹುಡಗಿಯಿಂದ ಬಂದರು. ಬಸ್ಸಿನ ಮೇಲೆ ಹಾಕಿಸಿಕೊಂಡು ಒಂದು ತಗಡಿನ ಡಬ್ಬಿ ತಂದಿದ್ದರು. ಮೊಣಕಾಲೆತ್ತರದ್ದು, ಹೊಸದು. ಇಮ್ರಾನ್ ಅದನ್ನು ಮೆಟ್ಟಿಲು ಹತ್ತಿಸಿ ತಂದು ಕೋಣೆಯ ನಡುವೆ ಇಟ್ಟ. ಸರ್ ಬಾಗಿಲಿಗೆ ಹೋಗಿ ನಿಂತು ನೋಡಿ, "ಉಳಿಸು," ಎಂದರು. ಎಲ್ಲರೂ ನಕ್ಕರು.

ನನಗೇನೋ ಕೊಡಲು ತಂದಿದ್ದಾರೆ ಎಂದುಕೊಂಡೆ. ಸುಶೀಲಾಬಾಯಿ ನನ್ನ ಕಪಾಟು ತೋರಿಸಿ, "ಆ ವಹಿ ಎಲ್ಲಾ ತರ್ರಿ. ಹಾಂಗೇ ಹೊರಗ ಬಿಟ್ಟ ಹೋಗಾಕತ್ತೀರೇನು?" ಎಂದರು.

ಹನ್ನೊಂದು ಗ್ರಾಫ್ ವಹಿಗಳು. ಅವರೇ ಒಂದೊಂದಾಗಿ ಒಳಗಿಟ್ಟರು, ನಡುನಡುವೆ ಬೇವಿನ ಸೊಪ್ಪು ಹಾಕಿದರು. ಮುಚ್ಚುವ ಮೊದಲು ನನ್ನ ಮುಖ ನೋಡಿ, "ಖಾತ್ರಿ ಅದ?" ಎಂದು ಕೇಳಿದರು. ಹೌದು ಎಂದೆ.

ಹುಡುಗಿಯರೇ, ಆ ಡಬ್ಬಿ ಈಗ ಆಫೀಸಿನಲ್ಲೇ, ಕಿಟಕಿಯ ಪಕ್ಕದ ಮೇಜಿನ ಕೆಳಗಿದೆ. ವಹಿಗಳನ್ನು ನೋಡಬೇಕಾದಾಗ ನೋಡಿ, ತಿರುಗಿ ಅಲ್ಲೇ ಇಡಿ. ಮುಚ್ಚಳ ಸ್ವಲ್ಪ ಬಿಗಿ. ಎಡಕ್ಕೆ ತುಸು ತಿರುಗಿಸಿ ಎತ್ತಿದರೆ ಬರುತ್ತದೆ.